ಚರ್ಮದ ಬಳಿ ಎಷ್ಟು? ಎಪಿಡ್ಯೂರಲ್ ಕ್ಯಾಥೆಟರ್ ಕೂರಿಸುವ ನನ್ನ ರೀತಿ

ಹೆರಿಗೆ ನೋವಿಗೆ ಎಪಿಡ್ಯೂರಲ್ (ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಮದ್ದು) ಕೊಡುವಾಗ ಸೂಜಿ ಹಾಕುವುದಕ್ಕಿಂತ ಕ್ಯಾಥೆಟರನ್ನು, ಅಂದರೆ ಮದ್ದು ಹೋಗುವ ಸಣ್ಣ ನಳಿಕೆಯನ್ನು, ಕೂರಿಸಿದಲ್ಲೇ ಉಳಿಸುವುದು ಕಷ್ಟ. ಕಾರವಾರದ ಮಳೆಗಾಲದಲ್ಲಂತೂ ಬೆನ್ನಿನ ಬೆವರು ಆರುವುದೇ ಇಲ್ಲ, ಎರಡು ತಾಸಿಗೆ ಪ್ಲಾಸ್ಟರ್ ಎದ್ದು ಬರುತ್ತದೆ.

ನಾನು ಬಳಸುವುದು 18 ಗೇಜಿನ ಟೂಹಿ ಸೂಜಿ (ಮೊನೆ ಬಾಗಿದ ಎಪಿಡ್ಯೂರಲ್ ಸೂಜಿ), 20 ಗೇಜಿನ ಕ್ಯಾಥೆಟರ್. ತುದಿ ಮುಚ್ಚಿರುತ್ತದೆ, ಪಕ್ಕದಲ್ಲಿ ಮೂರು ಕಣ್ಣು, ಅಂದರೆ ತೂತು. ಕಿಟ್ ಬಿಚ್ಚಿದ ಕೂಡಲೇ ಸಲೈನ್ ತಳ್ಳಿ ಕಣ್ಣುಗಳಿಂದ ಹನಿ ಬರುತ್ತದೆಯೇ ನೋಡುತ್ತೇನೆ. ಕ್ಯಾಥೆಟರಿನ ಮೇಲೆ ತುದಿಯಿಂದ ಅಳೆದ ಗುರುತುಗಳಿರುತ್ತವೆ: 5 ಸೆಂ.ಮೀ.ಗೆ ಒಂದು ಪಟ್ಟಿ, 10ಕ್ಕೆ ಎರಡು, 15ಕ್ಕೆ ಮೂರು.

‘ತಂಗಿ, ಶೆಟ್ಲಿ (ಸಿಗಡಿ) ಹಾಗೆ ಮುರುಟಿಕೊಂಡು ಕೂತ್ಕೊಳ್ಳಿ’ ಅಂದರೆ ಸಾಕು, ಬೆನ್ನು ಬಾಗುತ್ತದೆ. ಬೆನ್ನಿಗೆ ಹಚ್ಚಿದ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಪೂರ್ತಿ ಆರಬೇಕು. ಹಸಿಯಿರುವಾಗ ಚುಚ್ಚಿದರೆ ಅದು ಸೂಜಿಯ ಜೊತೆ ನರದ ಹತ್ತಿರ ಹೋಗುವ ಅಪಾಯವಿದೆ.

ಸಿರಿಂಜಿನಲ್ಲಿ ಸಲೈನ್ ತುಂಬಿ ಒತ್ತುತ್ತ ಹೋಗುತ್ತೇನೆ. ತಡೆ ಥಟ್ಟನೆ ಬಿಟ್ಟಲ್ಲಿ ಎಪಿಡ್ಯೂರಲ್ ಜಾಗ ಸಿಕ್ಕಿತೆಂದು ಅರ್ಥ; ಆಗ ಸೂಜಿಯ ಮೇಲಿನ ಗುರುತು ಓದಿ ಜೋರಾಗಿ ಹೇಳುತ್ತೇನೆ, ಸಿಸ್ಟರ್ ಬರೆದುಕೊಳ್ಳುತ್ತಾರೆ. ಆ ಆಳ 5 ಸೆಂ.ಮೀ. ಎಂದಿಟ್ಟುಕೊಳ್ಳಿ. ಎರಡು ಪಟ್ಟಿ ಸೂಜಿಯ ಹಬ್ (ಹಿಂಬದಿಯ ಹಿಡಿ) ಮುಟ್ಟುವ ಹೊತ್ತಿಗೆ ಕ್ಯಾಥೆಟರಿನ ತುದಿ ಸೂಜಿಯಿಂದ ಹೊರಬೀಳುತ್ತಿರುತ್ತದೆ, ಮೂರು ಪಟ್ಟಿಯವರೆಗೆ ದೂಡುತ್ತೇನೆ. ಇಲ್ಲಿಂದ ಮುಂದೆ ಒಂದೇ ನಿಯಮ: ಸೂಜಿ ಒಳಗಿರುವಾಗ ಕ್ಯಾಥೆಟರನ್ನು ಹಿಂದಕ್ಕೆ ಎಳೆಯಬಾರದು. ಸೂಜಿಯ ಬಾಗಿದ ಮೊನೆ ಅದನ್ನು ಕೊಯ್ದು ತುಂಡನ್ನು ಒಳಗೇ ಬಿಟ್ಟೀತು. ಮುಂದೆ ಹೋಗದಿದ್ದರೆ ಎರಡನ್ನೂ ಒಟ್ಟಿಗೇ ಹೊರತೆಗೆಯಿರಿ.

ಸೂಜಿ ತೆಗೆದ ಮೇಲೆ ಲೆಕ್ಕ. ಆಳ 5, ಎಪಿಡ್ಯೂರಲ್ ಜಾಗದೊಳಗೆ ಉಳಿಯಬೇಕಾದ್ದು 4. ಚರ್ಮದ ಬಳಿ 9ರ ಗುರುತು ಕಾಣುವಷ್ಟು ಕ್ಯಾಥೆಟರನ್ನು ಈಗ ಹಿಂದಕ್ಕೆ ಎಳೆಯಬಹುದು. 3ಕ್ಕಿಂತ ಕಡಿಮೆ ಬಿಟ್ಟರೆ ಮೇಲಿನ ಕಣ್ಣು ಹೊರಗೆ ಜಾರೀತು. ಹೆಚ್ಚು ಬಿಟ್ಟರೆ ತುದಿ ಪಕ್ಕಕ್ಕೆ ಹೊರಳಿ ಒಂದೇ ಕಾಲು ಜೋಮು ಹಿಡಿಯುತ್ತದೆ.

ಕೂತಾಗಲೇ ಪ್ಲಾಸ್ಟರ್ ಹಾಕಿಬಿಡುವುದು ಬಹಳ ಜನ ಮಾಡುವ ತಪ್ಪು. ಬೆನ್ನು ನೆಟ್ಟಗಾದರೆ ಚರ್ಮದಿಂದ ಎಪಿಡ್ಯೂರಲ್ ಜಾಗಕ್ಕೆ ದೂರ ಹೆಚ್ಚುತ್ತದೆ. ಚರ್ಮಕ್ಕೆ ಅಂಟಿದ ಕ್ಯಾಥೆಟರ್ ಆಗ ಒಳಗಿನಿಂದ ಹೊರಗೆ ಬರುತ್ತದೆ. ಅದಕ್ಕೇ ಹೆರಿಗೆಗೆ ಬಂದವರನ್ನು ನೆಟ್ಟಗೆ ಕೂರಿಸಿ ಅಥವಾ ಮಗ್ಗುಲಾಗಿ ಮಲಗಿಸಿ, ಗುರುತು ಮತ್ತೊಮ್ಮೆ ಓದಿ, ಆಮೇಲೆ ಅಂಟಿಸುತ್ತೇನೆ. ಬೆವರಿಗೆ ಮದ್ದೆಂದರೆ ಒಣ ಗಾಜ್‌ನಿಂದ ಒರೆಸಿ, ಚುಚ್ಚಿದ ಜಾಗ ಬಿಟ್ಟು ಸುತ್ತ ಟಿಂಕ್ಚರ್ ಬೆಂಜೋಯಿನ್ ಹಚ್ಚಿ, ಅದು ಅಂಟಂಟಾದ ಮೇಲೆ ಪಾರದರ್ಶಕ ಡ್ರೆಸ್ಸಿಂಗ್. ಬಟ್ಟೆಯ ಪ್ಲಾಸ್ಟರಿನಡಿ ರಕ್ತ ಬಂದರೂ ಕಾಣುವುದಿಲ್ಲ.

ಕ್ಯಾಥೆಟರಿಗೆ ಸಿರಿಂಜ್ ಹಾಕಿ ಹಿಂದಕ್ಕೆ ಎಳೆದಾಗ ರಕ್ತವೂ ಬೆನ್ನುಹುರಿಯ ನೀರೂ ಬರಬಾರದು. ಮದ್ದು ಹಾಯುವ ಫಿಲ್ಟರ್ 0.2 ಮೈಕ್ರಾನಿನದು. ಕ್ಯಾಥೆಟರ್ ತಪ್ಪು ಜಾಗಕ್ಕೆ ಹೋಗಿದೆಯೇ ನೋಡುವ ಟೆಸ್ಟ್ ಡೋಸ್ 1.5% ಲಿಗ್ನೋಕೇನ್ (ಜೋಮು ಹಿಡಿಸುವ ಮದ್ದು) 3 ಮಿ.ಲೀ., 1:2,00,000 ಅಡ್ರಿನಲಿನ್ ಸೇರಿಸಿ, ನೋವಿನ ಎರಡು ಅಲೆಗಳ ನಡುವೆ. ನಿಮಿಷದೊಳಗೆ ನಾಡಿ 20 ಏರಿದರೆ ಕ್ಯಾಥೆಟರ್ ರಕ್ತನಾಳದಲ್ಲಿದೆ. ಐದು ನಿಮಿಷದಲ್ಲಿ ಕಾಲು ಎತ್ತಲಾಗದಿದ್ದರೆ ಬೆನ್ನುಹುರಿಯ ನೀರಿನಲ್ಲಿದೆ. ನೋವಿನ ಅಲೆಯಲ್ಲೂ ನಾಡಿ ಏರುವುದರಿಂದ ಈ ಪರೀಕ್ಷೆಯೊಂದನ್ನೇ ನಂಬುವುದಿಲ್ಲ, ಮುಂದಿನ ಪ್ರತಿ ಡೋಸನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇನೆ.

ಕ್ಯಾಥೆಟರ್ ತೆಗೆಯುವ ಮೊದಲು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಕೊಟ್ಟಿದ್ದಾರೆಯೇ ವಿಚಾರಿಸಬೇಕು: ಹೆಪ್ಪಿನ ತಡೆಗೆಂದು ಕೊಡುವ ಕಡಿಮೆ ಅಣುತೂಕದ ಹೆಪಾರಿನ್, ಅಂದರೆ ಎಲ್‌ಎಂಡಬ್ಲ್ಯುಎಚ್ ಆದರೆ ಕೊನೆಯ ಡೋಸಾಗಿ 12 ತಾಸು ಕಳೆದಿರಬೇಕು. ಕ್ಯಾಥೆಟರ್ ಬಿಗಿಯಾದರೆ ಜಗ್ಗಬಾರದು. ಹಾಕಿದಾಗಿನ ಹಾಗೆಯೇ ಬೆನ್ನು ಬಾಗಿಸಿ ಮೆಲ್ಲಗೆ ಎಳೆದರೆ ಸಾಮಾನ್ಯವಾಗಿ ಬರುತ್ತದೆ. ತುದಿ ಪೂರ್ತಿ ಬಂದದ್ದನ್ನು ಕಣ್ಣಾರೆ ನೋಡಿ, ಕೇಸ್ ಪೇಪರಿನಲ್ಲಿ ಬರೆದಿಡಿ.