ಮಣಿ ಮಾಡುವ ಟಾರ್ಚ್‌ನ ಉರಿ ಯಾಕೆ ಸೊರಗಿತ್ತು?

ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಮತ್ತೆ ಟಾರ್ಚ್ ಮುಂದೆ, ಅಂದರೆ ಗಾಜು ಕರಗಿಸಿ ಮಣಿ ಮಾಡುವ ಗ್ಯಾಸ್ ಬರ್ನರ್ ಮುಂದೆ, ಕೂತೆ. ಜೂನ್‌ನಿಂದ ಒಂದು ಮಣಿಯನ್ನೂ ಮಾಡಿರಲಿಲ್ಲ. ಮೊದಲು ಕೈಗೆತ್ತಿಕೊಂಡದ್ದು ಟರ್ಕಾಯ್ಸ್ (ಹಸಿರು ಬೆರೆತ ನೀಲಿ) ಬಣ್ಣದ ಗಾಜಿನ ಕಡ್ಡಿ. ಕರಗಿದ ಗಾಜನ್ನು ಸರಳಿಗೆ ಸುತ್ತುತ್ತಿದ್ದಂತೆಯೇ ಮಣಿಯ ಮೇಲೆ ಇಟ್ಟಿಗೆ ಕೆಂಪಿನ ಪೊರೆ ಬಂತು. ದಂತದ ಬಣ್ಣದ ಗಾಜು ಬೂದು ಬಣ್ಣಕ್ಕೆ ತಿರುಗಿತು. ಉರಿ ಉದ್ದಕ್ಕೆ, ಮೆತ್ತಗೆ, ತುದಿಯಲ್ಲಿ ಹಳದಿಯಾಗಿತ್ತು. ಸಾಲದ್ದಕ್ಕೆ ಉಸಿರಾಡಿದ ಹಾಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

"ಸಿಲಿಂಡರ್ ಖಾಲಿ ಆಗಿರ್ಬೇಕು ನೋಡೇ" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಒಲೆ ಮಂದವಾದರೆ ಮೊದಲು ಸಿಲಿಂಡರ್ ಅಲುಗಾಡಿಸಿ ನೋಡುತ್ತೇವೆ, ಅಲ್ವಾ? ಮಣಿ ಕೆಲಸಕ್ಕೆಂದೇ ಇಟ್ಟಿರುವ 5 ಕೆ.ಜಿ. ಸಿಲಿಂಡರ್‌ಗೆ ಒದ್ದೆ ಬಟ್ಟೆ ಸವರಿದೆ. ಒಳಗೆ ದ್ರವ ಇರುವಷ್ಟು ಭಾಗ ನಿಧಾನವಾಗಿ ಒಣಗುತ್ತದೆ. ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಆದರೂ ಸಮಾಧಾನವಾಗದೆ ಹೊಸದು ತಂದು ಹಾಕಿದೆ. ಉರಿ ಹಾಗೇ ಇತ್ತು.

ಉರಿಯನ್ನು ಸರಿಯಾಗಿ ನೋಡಿದ್ದರೆ ಆ ಓಡಾಟ ಉಳಿಯುತ್ತಿತ್ತು. ನನ್ನದು ಸರ್ಫೇಸ್ ಮಿಕ್ಸ್ ಟಾರ್ಚ್. ಗ್ಯಾಸ್ ಮತ್ತು ಆಕ್ಸಿಜನ್ ಬೇರೆ ಬೇರೆ ರಂಧ್ರಗಳಿಂದ ಬಂದು ಮೂತಿಯ ಹೊರಗೆ ಬೆರೆಯುತ್ತವೆ. ಎರಡೂ ಹದವಾಗಿದ್ದಾಗ ಮೂತಿಗೆ ಅಂಟಿದಂತೆ ಚೂಪಾದ ಪುಟ್ಟ ನೀಲಿ ಮೊನೆಗಳು ಕಾಣುತ್ತವೆ. ಗ್ಯಾಸ್ ಕಡಿಮೆಯಾದರೆ ಉರಿ ಮೋಟಾಗಿ ಬುಸುಗುಡುತ್ತದೆ. ಆಕ್ಸಿಜನ್ ಕಡಿಮೆಯಾದರೆ ಉದ್ದವಾಗಿ, ಹಳದಿಯಾಗಿ ತೂಗಾಡುತ್ತದೆ. ಟರ್ಕಾಯ್ಸ್ ಗಾಜಿಗೆ ಬಣ್ಣ ಕೊಡುವುದು ತಾಮ್ರ. ಆಕ್ಸಿಜನ್ ಸಾಲದ ಉರಿಯಲ್ಲಿ ಆ ತಾಮ್ರವೇ ಮೇಲ್ಮೈಯಲ್ಲಿ ಕೆಂಪಗೆ ಕಾಣಿಸಿಕೊಳ್ಳುತ್ತದೆ. ಅಂದರೆ ಮೊದಲ ಮಣಿಯಲ್ಲೇ ಉತ್ತರ ಇತ್ತು.

ಗ್ಯಾಸ್ ನಾಬ್ ತಗ್ಗಿಸಿ ನೋಡಿದೆ. ನೀಲಿ ಮೊನೆಗಳೇನೋ ಬಂದವು. ಆದರೆ ಉರಿ ಪೆನ್ಸಿಲಿನಷ್ಟು ಸಣ್ಣದಾಯಿತು. ಅಲ್ಲಿಗೆ ನನ್ನ ಗುಮಾನಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಮೇಲೆ ಬಿತ್ತು.

ಅದು ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ. 2021ರ ಕೋವಿಡ್ ಎರಡನೇ ಅಲೆ ಇಳಿದ ಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಕೋಣೆಯ ಗಾಳಿ ಎಳೆದು, ಜಿಯೋಲೈಟ್ ಅನ್ನುವ ಹರಳು ತುಂಬಿದ ಎರಡು ಡಬ್ಬಿಗಳಿಗೆ ಒತ್ತಿ ಕಳಿಸುತ್ತದೆ. ಜಿಯೋಲೈಟ್ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಬಿಡುತ್ತದೆ. ಎಲ್ಲ ಸರಿ ಇದ್ದರೆ ಸುಮಾರು ಶೇ. 93 ಆಕ್ಸಿಜನ್ ಸಿಗುತ್ತದೆ. ಒಂದು ಡಬ್ಬಿ ಕೆಲಸ ಮಾಡುವಾಗ ಇನ್ನೊಂದು ತಾನು ಹಿಡಿದ ನೈಟ್ರೋಜನ್ ಹೊರಹಾಕುತ್ತದೆ. ಕೆಲವು ಸೆಕೆಂಡಿಗೊಮ್ಮೆ "ಠುಸ್" ಅನ್ನುವ ಸದ್ದು ಅದರದ್ದೇ. ಕೂತು ಕೇಳಿಸಿಕೊಂಡೆ. ಉರಿಯ ಹಿಗ್ಗು ಕುಗ್ಗು ಸರಿಯಾಗಿ ಅದೇ ತಾಳಕ್ಕೆ ಬೀಳುತ್ತಿತ್ತು. ಅಂದಿನಿಂದ ನನ್ನ ಲೆಕ್ಕ ಹೀಗೆ: ತಾಳಕ್ಕೆ ಸರಿಯಾಗಿ ಕುಣಿದರೆ ಯಂತ್ರ ನೋಡುತ್ತೇನೆ. ತಾಳವಿಲ್ಲದೆ ಪಟಪಟ ಅಂದರೆ ಗ್ಯಾಸ್ ಪೈಪ್ ಎಲ್ಲಾದರೂ ಮಡಚಿದೆಯಾ, ಒಳಗೆ ಎಣ್ಣೆಯಂಥ ಜಿಡ್ಡು ಕೂತಿದೆಯಾ ನೋಡುತ್ತೇನೆ.

ಹಿಂಬದಿಯ ಸ್ಪಂಜಿನ ಫಿಲ್ಟರ್ ತೆಗೆದರೆ ಧೂಳಿನ ಕಂಬಳಿಯೇ ಇತ್ತು. ತೊಳೆದು, ಪೂರ್ತಿ ಒಣಗಿಸಿ ಹಾಕಿದೆ. ಇನ್ನೊಂದು ತಪ್ಪೂ ಕಂಡಿತು. ಸದ್ದು ಕೇಳಬಾರದೆಂದು ಯಂತ್ರವನ್ನು ಮೂಲೆಗೆ ತಳ್ಳಿ ಪರದೆ ಬಿಟ್ಟಿದ್ದೆ. ತಾನು ಬಿಟ್ಟ ನೈಟ್ರೋಜನ್ ತುಂಬಿದ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಹಜಾರಕ್ಕೆ ತಂದಿಟ್ಟೆ. ಉರಿಯ ಕುಣಿತ ತಗ್ಗಿತು. ಹಳದಿ ತುದಿ ಮಾತ್ರ ಹೋಗಲಿಲ್ಲ.

ನನ್ನನ್ನು ತುಂಬ ದಿನ ದಾರಿ ತಪ್ಪಿಸಿದ್ದು ಫ್ಲೋ ಮೀಟರ್. ಅದರ ಗುಂಡು 5ರಲ್ಲೇ ನಿಂತಿತ್ತು. ಎಷ್ಟು ಗಾಳಿ ಹೋಗುತ್ತಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು, ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಗೊತ್ತಿಲ್ಲ. ಶುದ್ಧತೆ ಇಳಿದರೆ ದೀಪ ಹತ್ತಿಸುವ ಸೆನ್ಸರ್ ಕೆಲವು ಯಂತ್ರಗಳಲ್ಲಿ ಇರುತ್ತದೆ. ನನ್ನದರಲ್ಲಿ ಇಲ್ಲ. ಕೊನೆಗೆ ಮೆಕ್ಯಾನಿಕ್ ಒಬ್ಬರು ಬಂದು ಆಕ್ಸಿಜನ್ ಶುದ್ಧತೆ ಅಳೆಯುವ ಅನಲೈಸರ್ ಹಿಡಿದರು. ಶೇ. 76 ತೋರಿಸಿತು.

"ಮೇಡಂ, ಇದನ್ನ ಎಷ್ಟು ದಿನ ಸುಮ್ನೆ ಇಟ್ಟಿದ್ರಿ?"

ನಾಲ್ಕು ತಿಂಗಳು, ಅದೂ ಗೋಡೆ ಒದ್ದೆಯಾಗುವ ಕೋಣೆಯಲ್ಲಿ. ಜಿಯೋಲೈಟ್‌ಗೆ ನೀರಿನ ಪಸೆ ಆಗುವುದಿಲ್ಲ. ಒಮ್ಮೆ ತೇವ ಹೀರಿಕೊಂಡರೆ ನೈಟ್ರೋಜನ್ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಎರಡೂ ಡಬ್ಬಿ ಬದಲಿಸಬೇಕಾಯಿತು. ಆಮೇಲೆ ಅನಲೈಸರ್ 93 ತೋರಿಸಿತು.

ಮತ್ತೆ ಹಚ್ಚಿದಾಗ ಒಂದೇ ಒಂದು ಮೊನೆ ಎಡಕ್ಕೆ ವಾಲಿತ್ತು. ಇದು ಯಂತ್ರದ ತೊಂದರೆಯಲ್ಲ. ತಣ್ಣಗಿನ ಕಡ್ಡಿಯನ್ನು ಒಮ್ಮೆಲೇ ಉರಿಗೆ ಹಿಡಿದರೆ ಸಿಡಿಯುತ್ತದೆ, ಚೂರು ಹೋಗಿ ರಂಧ್ರಕ್ಕೆ ಅಂಟುತ್ತದೆ. ಟಾರ್ಚ್ ಪೂರ್ತಿ ಆರಿದ ಮೇಲೆ ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ, ಬಿಟ್ಟುಕೊಂಡಿತು. ದಯವಿಟ್ಟು ಸೂಜಿ ಹಾಕಬೇಡಿ. ಹಿಂದೊಮ್ಮೆ ಹಾಕಿ ಒಂದು ರಂಧ್ರ ಅಗಲ ಮಾಡಿದ್ದೇನೆ. ಆ ಮೊನೆ ಇವತ್ತಿಗೂ ಉಳಿದವಕ್ಕಿಂತ ಉದ್ದ.

ಪೈಪ್ ಬಿಚ್ಚಿ ಜೋಡಿಸಿದಾಗಲೆಲ್ಲ ಗ್ಯಾಸ್ ಕಡೆಯ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯಾ ನೋಡುತ್ತೇನೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆಕ್ಸಿಜನ್ ಕಡೆಯ ತಿರುಪು ಬಿಗಿಯಾಗಿದ್ದರೂ ಕೊಬ್ಬರಿ ಎಣ್ಣೆ, ಗ್ರೀಸ್ ಯಾವುದನ್ನೂ ಮುಟ್ಟಿಸುವುದಿಲ್ಲ. ಆಕ್ಸಿಜನ್ ಜೊತೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು.

ಈಗ ಮಳೆಗಾಲದಲ್ಲೂ ವಾರಕ್ಕೆ ಎರಡು ಸಲ, ಮಣಿ ಮಾಡಲಿ ಬಿಡಲಿ, ಯಂತ್ರವನ್ನು ಅರ್ಧ ಗಂಟೆ ಓಡಿಸುತ್ತೇನೆ. ಕೆಲಸಕ್ಕೆ ಕೂತ ದಿನ ಮೊದಲು ಸುತ್ತುವುದು ಟರ್ಕಾಯ್ಸ್ ಕಡ್ಡಿಯನ್ನೇ.