ಹಳೆ ಅಂಬಾಸಡರ್‌ನ ಇನ್‌ಟೇಕ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆಯಾ? ಹೀಗೆ ಪತ್ತೆ ಮಾಡಿ

ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವುದು) ಒಂದೇ ಸಮ ಇರುವುದಿಲ್ಲ, ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತದೆ, ಇಂಜಿನ್ ಬಿಸಿಯಾದ ಮೇಲೂ ಚೋಕ್ ಸ್ವಲ್ಪ ಎಳೆದರೆ ಮಾತ್ರ ನೆಟ್ಟಗೆ ಓಡುತ್ತದೆ. 1489 ಸಿಸಿ ಪೆಟ್ರೋಲ್ ಅಂಬಾಸಡರ್ ಇಟ್ಟುಕೊಂಡವರಿಗೆ ಈ ಗೋಳು ಗೊತ್ತಿರುತ್ತದೆ. ಎಲ್ಲರೂ ಮೊದಲು ಕೈ ಹಾಕುವುದು ಕಾರ್ಬೊರೇಟರ್‌ಗೆ. ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಡಿ. ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದಾಗ ಸುಧಾರಿಸಿದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿಯಾಗಿದೆ ಎಂದರ್ಥ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಂಡಿರಬಹುದು. ಅಥವಾ ಕಾರ್ಬೊರೇಟರ್ ದಾಟಿದ ಮೇಲೆ, ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕಡೆ, ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ನುಗ್ಗುತ್ತಿರಬಹುದು.

ಮೊದಲು ರಬ್ಬರ್ ನೋಡಿ. ಮ್ಯಾನಿಫೋಲ್ಡ್ ಒಡೆದಿರುವುದಕ್ಕಿಂತ ಪೈಪ್ ಒಣಗಿ ಸೀಳಿರುವುದೇ ಜಾಸ್ತಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಳಚಿ, ಎರಡೂ ತುದಿಗಳನ್ನು ಬಗ್ಗಿಸಿ ನೋಡಿ. ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಅದುಮಿ. ಐಡ್ಲಿಂಗ್ ಸರಿಹೋದರೆ ಕಳ್ಳ ಅಲ್ಲೇ ಸಿಕ್ಕ. ಕಾರ್ಬೊರೇಟರ್ ಕೂರುವ ನಟ್ಟುಗಳನ್ನೂ ಒಮ್ಮೆ ಬಿಗಿ ಮಾಡಿ, ಆದರೆ ಮೈಮೇಲೆ ಬಂದವರ ಹಾಗೆ ಬೇಡ. ನಟ್ಟು ಕೂರುವ ಅಲ್ಯೂಮಿನಿಯಂ ಕಿವಿ ಒಡೆಯುವುದೇ ಹೀಗೆ.

ಆಮೇಲೆ ಪ್ಲಗ್ ಬಿಚ್ಚಿ, ಸಾಲಾಗಿ ಇಡಿ. ಇದು ನನಗೆ ತುಂಬ ಇಷ್ಟವಾದ ಪರೀಕ್ಷೆ, ಖರ್ಚೇ ಇಲ್ಲ. ಈ ಇಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಗಾಳಿ ಹೋಗುವ ಬಾಯಿ ಎರಡೇ: ಮುಂದಿನದು 1 ಮತ್ತು 2ಕ್ಕೆ, ಹಿಂದಿನದು 3 ಮತ್ತು 4ಕ್ಕೆ. ಮುಂದಿನ ಎರಡು ಪ್ಲಗ್‌ಗಳ ತುದಿ ಸುಣ್ಣದಂತೆ ಬೆಳ್ಳಗಿದ್ದು, ಹಿಂದಿನವು ಕಂದು ಬಣ್ಣಕ್ಕಿದ್ದರೆ, ಬಿರುಕೋ ಹೋದ ಗ್ಯಾಸ್ಕೆಟ್ಟೋ ಮುಂದಿನ ಬಾಯಿಯ ಹತ್ತಿರವೇ ಇದೆ ಅಂತ ಹುಡುಕಲು ಶುರು ಮಾಡಬಹುದು. ನಾಲ್ಕೂ ಬೆಳ್ಳಗಿದ್ದರೆ ಕಾರ್ಬೊರೇಟರ್ ಬುಡದ ಕಡೆ ನೋಡಿ.

ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೆಯುತ್ತಿದೆ ಎಂದು ತೋರಿಸುವ ವ್ಯಾಕ್ಯೂಮ್ ಗೇಜ್ ಇದ್ದರೆ ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿ. ಮಂಗಳೂರಿನಂಥ ಕಡಲ ತೀರದ ಊರಲ್ಲಿ ಒಳ್ಳೆ ಇಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ತೋರಿಸುತ್ತದೆ. ಎತ್ತರ 1000 ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 15 ಬಂದರೆ ಸುಮ್ನೆ ಗಾಬರಿಯಾಗಬೇಡಿ. ಅದಕ್ಕಿಂತ ತೀರಾ ಕೆಳಗಿದ್ದರೆ ಸೋರಿಕೆ ಇರಬಹುದು. ಟೈಮಿಂಗ್ ಹಿಂದಿದ್ದರೂ (ಪ್ಲಗ್ ಕಿಡಿ ತಡವಾಗಿ ಹೊತ್ತಿದರೂ), ಪಿಸ್ಟನ್ ರಿಂಗ್ ಸವೆದಿದ್ದರೂ ಗೇಜ್ ಮುಳ್ಳು ಇಳಿಯುತ್ತದೆ, ಅದನ್ನೂ ಮರೆಯಬೇಡಿ.

ಈಗ ಸೋರುವ ಜಾಗ ಹಿಡಿಯುವುದು. ಎಷ್ಟೋ ಗ್ಯಾರೇಜುಗಳಲ್ಲಿ ಕಾರ್ಬ್ ಕ್ಲೀನರ್ (ಕಾರ್ಬೊರೇಟರ್ ತೊಳೆಯುವ ಸ್ಪ್ರೇ) ಹೊಡೆದು ನೋಡುತ್ತಾರೆ. ಅಂಬಾಸಡರ್‌ನಲ್ಲಿ ನಾನು ಬೇಡ ಅನ್ನುತ್ತೇನೆ, ಯಾಕೆಂದರೆ ಇದರಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ, ಸ್ಪ್ರೇ ಹೋಗಿ ಬೀಳುವುದು ಕೆಂಡದಂಥ ಎಕ್ಸಾಸ್ಟ್ ಮೇಲೆ, ಬೆಂಕಿ ಹತ್ತಲು ಅಷ್ಟು ಸಾಕು. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಒಂದೊಂದೇ ಜಾಗಕ್ಕೆ ಸಣ್ಣಗೆ ಹೊಡೆಯಿರಿ. ಬಿರುಕಿಗೆ ನೀರು ತಾಗಿದ ಕ್ಷಣ ಗಾಳಿ ಎಳೆಯುವ ಸುಯ್ ಶಬ್ದ ನಿಂತು, ಇಂಜಿನ್ ಸದ್ದು ಬದಲಾಗುತ್ತದೆ. ಪ್ಲಗ್ ವೈರುಗಳಿಗೆ ನೀರು ಬೀಳದಿರಲಿ. ಕೆಲವು ಬಿರುಕು ಬಿಸಿಯಾದಾಗ ಮಾತ್ರ ಬಾಯಿ ತೆರೆಯುತ್ತದೆ. ಅನುಮಾನ ಹೋಗದಿದ್ದರೆ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ಎಂದು ನೋಡುವುದು) ಮಾಡುವವರ ಹತ್ತಿರ ಒಯ್ಯಿರಿ.

ಕೊನೆಗೆ ಮ್ಯಾನಿಫೋಲ್ಡ್ ಬಿಚ್ಚಲೇಬೇಕು. ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ, ಅದರ ಎರಡೂ ಬದಿ ಕಂದು ಕಲೆ ಕಂಡರೆ ಅದೇ. ಎಂ-ಸೀಲ್ ಮೆತ್ತಬೇಡಿ, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಆಮೇಲೆ ಲೇತ್ ಅಂಗಡಿಯಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡರ ಮುಖವನ್ನೂ ಒಂದೇ ಮಟ್ಟಕ್ಕೆ ತರಿಸಿ. ಎರಡಕ್ಕೂ ಒಂದೇ ಗ್ಯಾಸ್ಕೆಟ್ ಅಲ್ವಾ, ಒಂದು ತಗ್ಗಿದರೆ ಮತ್ತೆ ಸೋರುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಒಮ್ಮೆ ಬಿಸಿಯಾಗಿ ತಣಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಕಾರ್ಬೊರೇಟರ್ ಸೆಟ್ಟಿಂಗ್ ಅದಾದ ಮೇಲೆ.