ಐಪ್ಟೇಸಿಯಾನ ಕೀಳ್ಬೇಡಿ, ಸುಣ್ಣ ಹಾಕಿ

ರೀಫ್ ಟ್ಯಾಂಕ್, ಅಂದ್ರೆ ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ, ಇಟ್ಟಿರೋರ ಮನೇಲಿ ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಕಲ್ಲಿನ ಮೇಲೆ ಕಂದು ಬಣ್ಣದ ಪುಟ್ಟ ತೆಂಗಿನಮರ ಥರ ಐಪ್ಟೇಸಿಯಾ ಅನ್ನೋ ಸೀ ಅನಿಮನಿ, ಹೂವಿನ ಥರದ ಕಡಲಜೀವಿ, ಒಂದು ಕಾಣತ್ತೆ, ಚೆನ್ನಾಗಿದೆಯಲ್ಲ ಅಂತ ಬಿಡ್ತಾರೆ, ಅದು ಹತ್ತಾಗಿ ಪಕ್ಕದ ಹವಳನ ಚುಚ್ಚೋಕೆ ಶುರು ಮಾಡಿದ್ಮೇಲೆ ಚಿಮಟ ತಗೊಂಡು ಕೀಳೋಕೆ ಕೂರ್ತಾರೆ. ಐಪ್ಟೇಸಿಯಾದ ಬುಡದ ಒಂದು ಚೂರು ಕಲ್ಲಲ್ಲಿ ಉಳಿದ್ರೂ ಅದೇ ಹೊಸ ಮರಿ ಆಗತ್ತೆ ಸ್ವಾಮಿ!

ಮೊದಲು ಅದೇ ಹೌದಾ ನೋಡ್ಕೊಳ್ಳಿ. ಅರ್ಧ ಪಾರದರ್ಶಕ ಮೈ, ಉದ್ದ ಚೂಪು ತೋಳುಗಳು, ಹತ್ರ ಹೋದ್ರೆ ಸರ್ ಅಂತ ಬಿಲದೊಳಗೆ. ಕೊಳವೆಯಿಂದ ಬೀಸಣಿಗೆ ಥರ ಹೊರಗೆ ಬರೋದು ಹುಳ, ಪಾಪ ಅದನ್ನ ಬಿಡಿ.

ಆಮೇಲೆ ಸುಣ್ಣ. ಅರಳಿದ ಸುಣ್ಣದ ಪುಡಿ, ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಶುದ್ಧವಾದದ್ದೇ ಬೇಕು. ಎಲೆ ಅಡಿಕೆ ಡಬ್ಬೀದು ಬೇಡ, ಅದ್ರಲ್ಲಿ ಇನ್ನೇನು ಸೇರಿಸಿರ್ತಾರೋ. ಸುಟ್ಟ ಸುಣ್ಣ ಅಂತೂ ಬೇಡವೇ ಬೇಡ, ನೀರು ಬಿದ್ರೆ ಕೊತಕೊತ ಕುದಿಯತ್ತೆ. ಕನ್ನಡಕ, ಗ್ಲೌಸ್ ಹಾಕ್ಕೊಂಡು ಒಂದು ಚಮಚ ಪುಡಿಗೆ ಆರ್‌ಓ ನೀರು ಹನಿ ಹನಿ ಬಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ತೆಳ್ಳಗಾದ್ರೆ ಟ್ಯಾಂಕ್ ತುಂಬಾ ಹಾಲು ಹಾಲು.

ಎಲ್ಲರೂ ಕೆಡಿಸೋದು ಇಲ್ಲಿಂದ. ಪಂಪು, ಪವರ್‌ಹೆಡ್ ಎಲ್ಲಾ ಆಫ್ ಮಾಡಿ ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ, ನೀರು ನಿಲ್ಲಲಿ. ಮೊಂಡು ಸೂಜಿಯ ಸಿರಿಂಜನ್ನ ಮೇಲಿಂದ ನಿಧಾನಕ್ಕೆ ಇಳಿಸಿ, ಮುಟ್ಟಬೇಡಿ, ನೆರಳೂ ಬೀಳಬಾರದು. ತೋಳುಗಳ ನಡುವೆ ಬಾಯಿ ಇರತ್ತಲ್ಲ, ಅಲ್ಲಿಗೆ ಒಂದೇ ಹನಿ. ಊಟ ಅಂದ್ಕೊಂಡು ನುಂಗತ್ತೆ, ಮುದುಡತ್ತೆ, ಆಗ ಗಾರೆ ಮೆತ್ತಿದ ಹಾಗೆ ತೂತು ಸಮೇತ ಪೂರ್ತಿ ಮುಚ್ಚಿ. ಮೊದಲೇ ಮುಟ್ಟಿ ಹೆದರಿಸಿದ್ರೆ ಅದು ಒಳಗೆ, ನಿಮ್ಮ ಸುಣ್ಣ ಹೊರಗೆ, ಆಗ ಬಿಟ್ಟು ನಾಳೆ ಬನ್ನಿ. ಇಪ್ಪತ್ತು ನಿಮಿಷ ಬಿಟ್ಟು ಪಂಪ್ ಆನ್ ಮಾಡಿ. ಸುಣ್ಣದ ತಿಳಿಯ ಪಿಎಚ್ 12 ದಾಟತ್ತೆ, ರೀಫ್ ಇರೋದು 8.1ರಿಂದ 8.4ರ ಆಸುಪಾಸು, ಅದಕ್ಕೇ ನೂರು ಲೀಟರ್ ಟ್ಯಾಂಕಲ್ಲಿ ದಿನಕ್ಕೆ ನಾಲ್ಕೇ ನಾಲ್ಕು, ಆಸೆ ಬೇಡ. ವಾರ ಬಿಟ್ಟು ಮತ್ತೆ ನೋಡಿ, ಮರಿ ಇದ್ದೇ ಇರತ್ತೆ.

ನಿಂಬೆರಸ ಚುಚ್ಚಿ ಅಂತಾರೆ, ನಾನೂ ಮಾಡಿದೀನಿ, ಅರ್ಧಕ್ಕರ್ಧ ವಾಪಸ್ ಬಂದ್ವು. ಇದನ್ನ ಸಾಯಿಸೋ ರೆಡಿಮೇಡ್ ಔಷಧಿ ಅಂತ ದುಬಾರಿ ಬಾಟಲಿ ಒಂದು ತಂದಿದ್ದೆ, ಅದು ಗಟ್ಟಿಯಾಗಿ ಸೂಜೀಲೇ ಕೂತ್ಬಿಡ್ತು. ಕಲ್ಲು ತೆಗೆದು ಕುದಿಸ್ತೀನಿ ಅನ್ನೋರಿಗೆ ಮಾತ್ರ ಕೈ ಮುಗಿದು ಹೇಳ್ತೀನಿ, ಬೇಡ. ಕಲ್ಲಲ್ಲಿ ಜೋವಾಂಥಿಡ್, ಅಂದ್ರೆ ಗುಂಡಿ ಥರ ಗುಂಪಾಗಿ ಬೆಳೆಯೋ ಹವಳದಂಥ ಜೀವಿ, ಇದ್ರೆ ಅದರ ಪಾಲಿಟಾಕ್ಸಿನ್ ವಿಷ ಹಬೆ ಜೊತೆ ಹರಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದು ಹೊರದೇಶಗಳಲ್ಲಿ ಆಗಿದೆ.

ಇವು ತುಂಬಾ ಇದ್ರೆ ಪೆಪ್ಪರ್‌ಮಿಂಟ್ ಸಿಗಡಿ ಬಿಡಿ, ಆದ್ರೆ ಅಂಗಡೀಲಿ ಅದೇ ಹೆಸರಲ್ಲಿ ಒಂಟೆ ಸಿಗಡಿ ದಾಟಿಸ್ತಾರೆ, ಬೆನ್ನು ಗೂನು, ಮೈಮೇಲೆ ಬಿಳಿ ಗೆರೆ, ಅದು ಹವಳಾನೇ ಮುಕ್ಕತ್ತೆ. ಬರ್ಗಿಯಾ ಅನ್ನೋ ಚಿಪ್ಪಿಲ್ಲದ ಕಡಲ ಬಸವನಹುಳ ಐಪ್ಟೇಸಿಯಾ ಬಿಟ್ರೆ ಬೇರೇನೂ ತಿನ್ನಲ್ಲ, ಖಾಲಿ ಆದ್ಮೇಲೆ ಹಸಿವಿಂದ ಸಾಯತ್ತೆ, ಅಷ್ಟರಲ್ಲಿ ಬೇಕಾದೋರಿಗೆ ಕೊಟ್ಬಿಡಿ.

ಹೊಸ ಫ್ರ್ಯಾಗ್, ಅಂದ್ರೆ ಹವಳದ ತುಂಡು, ತಂದಾಗ ಡಿಪ್ ಮಾಡಿ, ಅಂದ್ರೆ ಔಷಧಿ ನೀರಲ್ಲಿ ಅದ್ದಿ ತೆಗೀರಿ, ಡಿಪ್ಪಿಗೆ ಕೀಟದ ಮೊಟ್ಟೆ ಸಾಯಲ್ಲ ಅನ್ನೋದು ನೆನಪಿರ್ಲಿ, ಬೇರೆ ಟ್ಯಾಂಕಲ್ಲಿಟ್ಟು ವಾರಕ್ಕೊಂದ್ಸಲ ನಾಲ್ಕೈದು ವಾರ ಮಾಡ್ಬೇಕು. ಅಂದಹಾಗೆ ನಮ್ಮಲ್ಲಿ ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿದೆ, ಯಾರಾದ್ರೂ ಕದ್ದುಮುಚ್ಚಿ ಮಾರೋಕೆ ಬಂದ್ರೆ ತಗೋಬೇಡಿ. ಫ್ರ್ಯಾಗ್ ಅಂಟಿಸಿರೋ ಪುಟ್ಟ ಬಿಲ್ಲೆ, ಪ್ಲಗ್ ಅಂತಾರೆ, ಇದ್ಯಲ್ಲ, ಐಪ್ಟೇಸಿಯಾ ಅಡಗಿರೋದೇ ಅದರ ತಳದಲ್ಲಿ, ಬಿಡಿಸಿ ಸೀದಾ ಕಸದ ಬುಟ್ಟಿಗೆ ಹಾಕಿ.